ಕೌಂಟನ ಬೀಗರು

ಎಪ್ಪತ್ತರ ದಶಕದ ನಡುವಿನ ಒಂದು ಬೇಸಗೆಯಲ್ಲಿ, ಆಂಟಾಪ್ ಹಿಲ್ಲಿನ ನಮ್ಮ ಎರಡು ಖೋಲಿಯ ಸರ್ಕಾರಿ ಕ್ವಾರ್ಟರ್ಸಿಗೆ ಒಂದೇ ತಿಂಗಳಲ್ಲಿ ಇಬ್ಬರು ಬಂದು ಇಳಿದರು. ಒಬ್ಬ, ಶತಮಾನಗಳ ಹಿಂದೆ ಸತ್ತುಹೋದ ಫ್ರಾನ್ಸ್ ದೇಶದ ಕೌಂಟ, ಅಂದರೆ ಒಂದು ಸೀಮೆಯ ಒಡೆಯ. ಇನ್ನೊಬ್ಬಳು ನನ್ನ ಅಕ್ಕ. ಕೌಂಟನನ್ನು ಫೈಲಿನಲ್ಲಿ ಹಾಕಿ ದಾರ ಕಟ್ಟಿ ಕಪಾಟಿನ ಮೇಲೆ ಇಡಬಹುದಾಗಿತ್ತು. ಅಕ್ಕನಿಗೆ ಆ ಉಪಾಯ ನಡೆಯುವಂತಿರಲಿಲ್ಲ.

ಕೌಂಟ ಬಂದದ್ದು ಹೀಗೆ. ಊರ ಕಡೆ ಯಾರೋ ವಿದ್ವಾಂಸರು ಸೇರಿಕೊಂಡು ಕನ್ನಡದಲ್ಲಿ ಒಂದು ಜ್ಞಾನಕೋಶ ತರುತ್ತಿದ್ದರು. ಪ್ರಪಂಚದ ವಿಷಯಗಳನ್ನೆಲ್ಲ ಬರೆಯುವವರಿಗೆ ಹಂಚಿ ಮುಗಿದ ಮೇಲೆ ಯಾರಿಗೂ ಬೇಡವಾಗಿ ಉಳಿದವುಗಳಲ್ಲಿ ಒಂದು, ಸಯನ್ನಿನ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರ ಕೈಯಿಂದ ನನ್ನ ಪಾಲಿಗೆ ಬಂತು. "ನೀವು ಹಿಸ್ಟರಿ ಬಿ.ಎ. ಅಲ್ಲೇನ್ರಿ? ಸಣ್ಣ ಲೇಖನ. ಅವನ ಜೀವನ, ಅವನ ಮನೆತನದ ಸಂಬಂಧಗಳು, ಅಷ್ಟೇ," ಎಂದರು. ಇಪ್ಪತ್ತು ವರ್ಷದಿಂದ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತನಾಗಿ ನಾನು ಓದಿದ್ದ ಇತಿಹಾಸವೆಲ್ಲ ಹಳೆಯ ಫೈಲುಗಳದ್ದು. ಆದರೂ ಹೂಂ ಎಂದೆ. ಬೇಡ ಎನ್ನಬೇಕಾದ ಕಡೆಯಲ್ಲೆಲ್ಲ ಹೂಂ ಎನ್ನುವುದು ನನ್ನ ಸ್ವಭಾವ. ಹೂಂ ಅಂದಮೇಲೆ ಅದರ ಬಗ್ಗೆ ಹಗಲೂ ರಾತ್ರಿ ಚಿಂತೆ ಮಾಡುವುದು ಅದಕ್ಕಿಂತ ದೊಡ್ಡ ಸ್ವಭಾವ.

ಅಕ್ಕ ಬಂದದ್ದಕ್ಕೆ ಕಾರಣ ಸರಳ. ಅವಳ ಕಡೆಯ ಮಗನಿಗೆ ನನ್ನ ಮಗಳನ್ನು ತೆಗೆದುಕೊಳ್ಳುವುದು.

ಇಲ್ಲಿ ನಮ್ಮ ಮನೆಯ ನಂಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಹೆಂಡತಿ ನನ್ನ ಅಕ್ಕನ ಹಿರಿಯ ಮಗಳು. ಗದಗಿನ ಕಡೆಯ ನಮ್ಮ ಜನದಲ್ಲಿ ಇದರಲ್ಲಿ ವಿಶೇಷವೇನೂ ಇಲ್ಲ. ಅಕ್ಕನಿಗೆ ಹೆಣ್ಣು ಹುಟ್ಟಿದರೆ ತಮ್ಮನಿಗೆ ಹೆಂಡತಿ ಹುಟ್ಟಿದಳು ಎಂದೇ ಲೆಕ್ಕ. ಹೀಗಾಗಿ ಅಕ್ಕ ನನಗೆ ಅತ್ತೆಯೂ ಆದಳು. ಚಿಕ್ಕಂದಿನಲ್ಲಿ ನನ್ನ ಮೂಗು ಒರೆಸಿದವಳು ಅವಳೇ ಆದ್ದರಿಂದ ಅಳಿಯನಿಗೆ ಸಿಗಬೇಕಾದ ಮರ್ಯಾದೆ ನನಗೆ ಒಂದು ದಿನವೂ ಸಿಕ್ಕಲಿಲ್ಲ. ಹೆಂಡತಿ ಮದುವೆಗೆ ಮುಂಚೆ ನನ್ನನ್ನು ಮಾಮಾ ಎನ್ನುತ್ತಿದ್ದಳು, ಆಮೇಲೆ ಏನೆನ್ನಬೇಕೋ ತಿಳಿಯದೆ ಕೆಲವು ವರ್ಷ ಏನೂ ಅನ್ನದೆ, ಕೊನೆಗೆ "ರೀ" ಎಂಬುದಕ್ಕೆ ಬಂದು ನಿಂತಳು. ಈಗ ಅದೇ ಸಾಲು ಮುಂದಕ್ಕೆ ಬಂದಿತ್ತು. ಅಕ್ಕನ ಆ ಕಡೆಯ ಮಗ ನನ್ನ ಹೆಂಡತಿಯ ತಮ್ಮ, ನನ್ನ ಮಗಳ ಸೋದರಮಾವ. ಅವಳ ಮೇಲೆ ಮೊದಲ ಹಕ್ಕು ಅವನದು.

ಹುಡುಗ ಕೆಟ್ಟವನಾಗಿದ್ದರೆ ಕೆಲಸ ಹಗುರವಾಗುತ್ತಿತ್ತು. ಕೆಟ್ಟವನಲ್ಲ. ಮಗಳಿಗಿಂತ ಎರಡು ವರ್ಷ ದೊಡ್ಡವನು. ಬಿಲ್ಡಿಂಗ್ ಕಟ್ಟುವ ಕಡೆ ಮುಕಾದಮನಾಗಿ ನಮ್ಮ ಕಡೆಯ ಕೂಲಿಯವರ ಗುಂಪನ್ನು ನೋಡಿಕೊಳ್ಳುತ್ತ, ಧಾರಾವಿಯಲ್ಲಿ ಊರಿನವರೊಂದಿಗೆ ಒಂದು ಖೋಲಿಯಲ್ಲಿ ಇದ್ದ. ರವಿವಾರಕ್ಕೊಮ್ಮೆ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದ. ಬಂದರೆ ಕೆಟ್ಟ ನಲ್ಲಿ, ಅಲುಗಾಡುವ ಕುರ್ಚಿ, ಏನಾದರೂ ಸರಿಮಾಡಿಯೇ ಹೋಗುತ್ತಿದ್ದ. ಅವನಿಗೆ ಈ ಸಂಬಂಧ ಬೇಕಾಗಿದೆ ಎಂಬುದು ಅವನು ಇತ್ತೀಚೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದುದರಿಂದಲೇ ತಿಳಿಯುತ್ತಿತ್ತು.

ಅಕ್ಕ ಬಂದ ಮರುದಿನ ಬೆಳಿಗ್ಗೆ, ನೀರು ಬರುವ ಹೊತ್ತಿನಲ್ಲಿ, ನಾನು ಬಕೆಟ್ಟುಗಳನ್ನು ಸಾಲಾಗಿ ಇಡುತ್ತಿದ್ದೆ. ನಲ್ಲಿ ನಡುವೆಯೇ ನಿಂತುಬಿಟ್ಟರೆ ಏನು ಗತಿ ಎಂಬುದು ನನ್ನ ದಿನದ ಮೊದಲ ಚಿಂತೆ. ಮಗಳು ಮೋರಿಯ, ಅಂದರೆ ಬಚ್ಚಲಿನ, ಬಾಗಿಲಿಗೆ ಬಂದು ನಿಂತಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ ಆರು ತಿಂಗಳಾಗಿರಲಿಲ್ಲ.

"ಅಪ್ಪಾ, ಆಯಿ ಯಾಕ ಬಂದಾಳ, ಗೊತ್ತೈತಿ ನನಗ." ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು. "ನಾ ಸಾಫ್ ಹೇಳ್ತೀನಿ, ನನಗ ಇದು ಜಮತೂದಿಲ್ಲ."

"ಸಾವಕಾಶ, ಸಾವಕಾಶ. ಅಡಗಿಮನ್ಯಾಗ ಕೇಳಸ್ತದ," ಎಂದೆ.

"ಕೇಳಲಿ. ನಾ ಅವನ ಕೂಡ ಗೋಟಿ ಆಡೀನಿ, ಜಗಳಾಡೀನಿ, ಅವನ ಕೈ ಕಚ್ಚೀನಿ. ಈಗ ಒಮ್ಮೆಲೇ ಸೆರಗ ಹೊದ್ದು ಅವನ ಮುಂದ ಕೂಡು ಅಂದ್ರ, ಕೈಸೆ ಹೋಗಾ ಅಪ್ಪಾ? ಅವನ್ನ ನೋಡಿದ್ರ ನಗು ಬರ್ತದ. ಮತ್ತ ಆಯಿ ಹೇಳ್ಯಾಳ, ಲಗ್ನ ಆದಮ್ಯಾಲ ನೌಕರಿ ಬಿಟ್ಟು ಊರಿಗೆ ಬರಬೇಕಂತ. ನಾ ಹೇಳಿದ್ರ ಹುಡುಗಿ ಉದ್ಧಟ ಆಗ್ಯಾಳ ಅಂತಾರ. ನೀನೇ ಹೇಳು."

"ಹೇಳೋಣ," ಎಂದೆ.

"ಹೇಳೋಣ ಅಲ್ಲ. ರವಿವಾರ ಆಯಿ ಎಲಿ-ಅಡಿಕಿ ಹಿಡೀತಾಳ. ನೀ ಅದನ್ನ ತಗೋಬ್ಯಾಡ."

ನಮ್ಮಲ್ಲಿ ಗಂಡಿನ ಕಡೆಯವರು ತಟ್ಟೆಯಲ್ಲಿ ಎಲೆ-ಅಡಿಕೆ ಇಟ್ಟು ಹೆಣ್ಣಿನ ಅಪ್ಪನ ಮುಂದೆ ಹಿಡಿಯುತ್ತಾರೆ. ಅವನು ಮುಟ್ಟಿದನೋ, ಮಾತು ಆಯಿತು. ಆಮೇಲೆ ಬ್ರಹ್ಮ ಬಂದು ಹೇಳಿದರೂ ಹಿಂದಕ್ಕೆ ಹೋಗುವಂತಿಲ್ಲ. ಮುಟ್ಟದಿದ್ದರೆ ಎರಡು ಮನೆಗಳ ನಡುವೆ ಅನ್ನ-ನೀರು ನಿಲ್ಲುತ್ತದೆ. ನನ್ನ ಪಾಲಿಗೆ ಎರಡು ಮನೆ ಎಂದರೆ ನನ್ನ ಬಲಗೈ ಮತ್ತು ಎಡಗೈ. ಅಕ್ಕ ನನ್ನ ಮುಂದೆ ತಟ್ಟೆ ಹಿಡಿದು ನಿಂತಿದ್ದಾಳೆ, ನಾನು ಕೈ ಕಟ್ಟಿ ಕುಳಿತಿದ್ದೇನೆ: ಈ ಚಿತ್ರ ಮನಸ್ಸಿಗೆ ಬಂದದ್ದೇ ತಡ, ಬಕೆಟ್ಟು ತುಂಬಿ ಹೊರಗೆ ಹರಿಯತೊಡಗಿತು.

ಆ ವಾರವಿಡೀ ನಾನು ಕೌಂಟನ ಹಿಂದೆ ಅಡಗಿಕೊಂಡೆ. ಶನಿವಾರಗಳಲ್ಲಿ ಕೋಟೆ ಭಾಗದ ಒಂದು ವಾಚನಾಲಯದಲ್ಲಿ ಕುಳಿತು ಅವನ ಬಗ್ಗೆ ಬರೆದುಕೊಂಡಿದ್ದೆ. ಈಗ ಸಂಜೆ ಆಫೀಸಿನಿಂದ ಬಂದವನೇ ಹಾಳೆಗಳನ್ನು ಹರಡಿಕೊಂಡು ಕೂರುತ್ತಿದ್ದೆ. ಬರೆಯುವವನನ್ನು ಮಾತನಾಡಿಸುವುದಿಲ್ಲ ಎಂಬ ಆಸೆ. ಅಕ್ಕ ಅಂಥ ಸಂಪ್ರದಾಯ ಕೇಳಿದವಳೇ ಅಲ್ಲ. ಜೋಳ ಆರಿಸುವ ಮೊರವನ್ನು ಹಿಡಿದುಕೊಂಡು ಬಂದು ಪಕ್ಕದಲ್ಲೇ ಕುಳಿತಳು.

"ಏನ ಬರ್ಯಾಕತ್ತೀಯೋ ತಮ್ಮಾ?"

"ಒಬ್ಬ ಕೌಂಟನ ಕತಿ, ಅಕ್ಕಾ. ದೇಸಾಯಿ ಇದ್ದಂಗ. ಫ್ರಾನ್ಸ್ ದೇಶದಾಂವ."

"ಏನ ಮಾಡಿದ ಅಂವ?"

ಅದೇ ಕಷ್ಟ. ಏನು ಮಾಡಿದ ಎಂದು ನೋಡಿದರೆ ಹೆಚ್ಚೇನೂ ಮಾಡಿರಲಿಲ್ಲ. ಅಪ್ಪ ಪವಿತ್ರ ಭೂಮಿಗೆಂದು ದಂಡಿನ ಜೊತೆ ಹೋಗಿ ಅಲ್ಲೇ ಸತ್ತಾಗ ಇವನಿನ್ನೂ ಹುಡುಗ. ತಾಯಿ ಸೀಮೆಯನ್ನು ಕಾದಳು. ಇವನಿಗೆ ಮೀಸೆ ಬರುವ ಮುಂಚೆಯೇ ಬಡಗಣ ನೆರೆಯವನ ತಂಗಿಯನ್ನು ತಂದಳು, ಆ ಗಡಿಯಲ್ಲಿ ಜಗಳ ನಿಂತಿತು. ಇವನ ಅಕ್ಕಂದಿರನ್ನು ಒಬ್ಬಳನ್ನು ಮೂಡಣಕ್ಕೆ, ಒಬ್ಬಳನ್ನು ಪಡುವಣಕ್ಕೆ ಕೊಟ್ಟಳು, ಆ ಗಡಿಗಳೂ ತಣ್ಣಗಾದವು. ತೆಂಕಣಕ್ಕೆ ಕೊಡಲು ಹೆಣ್ಣಿರಲಿಲ್ಲ. ಅವನ ಯುದ್ಧಗಳೆಲ್ಲ ತೆಂಕಣದಲ್ಲೇ ಆದವು. ಒಂದು ಪ್ಯಾರಾ ಯುದ್ಧ, ಉಳಿದದ್ದೆಲ್ಲ ಬೀಗತನ. ಜ್ಞಾನಕೋಶದವರಿಗೆ ಇದನ್ನು ಹೇಗೆ ಕಳಿಸಲಿ ಎಂದು ನಾನು ಕೊರಗುತ್ತಿದ್ದರೆ ಅಕ್ಕ ಜೋಳ ಬಿಟ್ಟು ಕೇಳತೊಡಗಿದಳು.

"ತಾಯಿ ಶಾಣ್ಯಾಕಿ," ಎಂದಳು. "ಆಮ್ಯಾಲ?"

"ಆಮ್ಯಾಲ ಬಹಳ ವರ್ಷ ಆದ್ರೂ ಗಂಡುಮಗ ಆಗಲಿಲ್ಲ. ಅವರ ಧರ್ಮದಾಗ ಹೆಂಡತಿ ಬಿಡಾಕ ಬರೂದಿಲ್ಲ. ಆದ್ರ ಬಿಷಪ್ಪ ಅಂತ ಇರ್ತಾನ, ದೊಡ್ಡ ಸ್ವಾಮಿ ಇದ್ದಂಗ. ಅಂವ ಬಂದು ಲೆಕ್ಕ ಹಾಕಿ, ನೀವಿಬ್ಬರೂ ಒಂದೇ ಮುತ್ತಜ್ಜನ ಕುಡಿ, ನಿಮ್ಮ ಲಗ್ನ ಲಗ್ನಾನ ಅಲ್ಲ ಅಂದ."

ಅಕ್ಕ ಮೊರ ಕೆಳಗಿಟ್ಟಳು. "ಅಷ್ಟ ವರ್ಷ ಆದಮ್ಯಾಲ ಮುತ್ತಜ್ಜ ನೆನಪಾದನೇನು?"

ಆ ಕಾಲದ ಬಿಷಪ್ಪರು ಸಂಬಂಧವನ್ನು ಮೈಮೇಲೆ ಎಣಿಸುತ್ತಿದ್ದರು ಎಂದು ಎಲ್ಲೋ ಓದಿದ್ದೆ. ಅದನ್ನೂ ತೋರಿಸಿದೆ. ಮೂಲದ ಗಂಡ-ಹೆಂಡತಿ ತಲೆ. ಅವರ ಮಕ್ಕಳು ಭುಜ. ಮೊಮ್ಮಕ್ಕಳು ಮೊಳಕೈ. ಆಮೇಲೆ ಮಣಿಕಟ್ಟು, ಬೆರಳಿನ ಗೆಣ್ಣುಗಳು. ಉಗುರಿಗೆ ಬಂದಮೇಲೆ ನಂಟು ಮುಗಿಯಿತು, ಮದುವೆ ಮಾಡಿಕೊಳ್ಳಬಹುದು. ತೋರಿಸುತ್ತ ತೋರಿಸುತ್ತ ನನಗೇ ಹೊಳೆಯಿತು: ಆ ಬಿಷಪ್ಪ ಆಂಟಾಪ್ ಹಿಲ್ಲಿಗೆ ಬಂದಿದ್ದರೆ ನಾನು ಭುಜದಲ್ಲೇ, ನನ್ನ ಹೆಂಡತಿ ಮೊಳಕೈಯಲ್ಲೇ ಸಿಕ್ಕಿಬೀಳುತ್ತಿದ್ದೆವು.

ಅಕ್ಕ ತನ್ನ ಉಗುರು ನೋಡಿಕೊಂಡಳು. "ಉಗುರಿನಾಚೆ ಇರಾವರು ಯಾರೋ ಏನೋ. ಗುರುತು ಪರಿಚಯ ಇಲ್ಲದವರ ಮನಿಗೆ ಹೆಣ್ಣ ಕೊಡಬೇಕಂತೇನು? ಹುಚ್ಚರು." ಮತ್ತೆ ಮೊರ ಎತ್ತಿಕೊಂಡು, ತಲೆ ಎತ್ತದೆಯೇ ಸೇರಿಸಿದಳು: "ರವಿವಾರ ಹನ್ನೊಂದರ ಒಳಗ ಮುಹೂರ್ತ ಛಲೋ ಐತಿ. ನೀ ಎಲ್ಲೂ ಹೋಗಬ್ಯಾಡ ಮತ್ತ."

ಗುರುವಾರ ನನಗೆ ಜ್ವರ ಬಂದಂತಾಯಿತು. ಥರ್ಮಾಮೀಟರು ಒಪ್ಪಲಿಲ್ಲ. ಆದರೂ ರಜೆ ಹಾಕಿ ಮಲಗಿದೆ. ಅಕ್ಕ ಸಯನ್ ಬಜಾರಿಗೆ ಎಲೆ ತರಲು ಹೋಗಿದ್ದಳು. ಎಲೆ ಒಂದೂ ಹರಿದಿರಬಾರದು ಎಂದು ತಾನೇ ಆರಿಸಿ ತರಬೇಕಂತೆ. ಆಗ ಕೆಳಗಿನ ಮನೆಯ ವಿಜಾಪುರದ ಮುಸಲ್ಮಾನ ಹೆಂಗಸು, ನಾವೆಲ್ಲ ಆಪಾ ಎನ್ನುತ್ತಿದ್ದವರು, ಹೊಲಿದ ರವಿಕೆ ಕೊಡಲು ಮೇಲೆ ಬಂದರು. ಅವರ ಗಂಡ ನಮ್ಮ ಇಲಾಖೆಯಲ್ಲೇ ಡ್ರೈವರು. ಅಡಿಗೆಮನೆಯಲ್ಲಿ ಹೆಂಡತಿಯ ಜೊತೆ ಚಹಾ ಕುಡಿಯುತ್ತಿದ್ದರು. ಮಾತು ನನಗೆ ಕೇಳುತ್ತಿತ್ತು.

"ಬಡೀ ಅಮ್ಮಾ ನಿನ್ನೆ ಹೇಳ್ತಿದ್ರು," ಎಂದರು ಆಪಾ. "ನಿಮಗ ಬಾಣಂತನದಾಗ ಟೈಫಾಯ್ಡ್ ಆಗಿತ್ತಂತ, ಈ ಲಡಕೀಗೆ ಅವರೇ ದೂಧ್ ಕೊಟ್ಟಿದ್ರಂತ. ಸಚ್ ಏನ್ರೀ?"

"ಹೌದಲ್ಲ ಮತ್ತ," ಎಂದಳು ಹೆಂಡತಿ. "ನನ್ನ ತಮ್ಮನ್ನ ಇನ್ನಾ ಹಾಲು ಬಿಡಿಸಿರಲಿಲ್ಲ. ಅತ್ತಾಗ ಅಂವ, ಇತ್ತಾಗ ಇಕಿ. ನಾಕ ತಿಂಗಳ ಹಂಗ ಸಾಕ್ಯಾಳ. ಇಲ್ಲಾಂದ್ರ ಈ ಹುಡುಗಿ ಎಲ್ಲಿರ್ತಿತ್ತು!"

ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಕ್ಕ ಅದನ್ನು ಹೊಸಬರು ಯಾರು ಬಂದರೂ ಹೇಳುತ್ತಿದ್ದಳು. ಅದರಲ್ಲಿ ಬೇರೆ ಏನಾದರೂ ಇರಬಹುದು ಎಂದು ಯಾರೂ ಯೋಚಿಸಿರಲಿಲ್ಲ.

ಆಪಾ ಲೋಟ ಕೆಳಗಿಟ್ಟ ಸದ್ದಾಯಿತು. "ಹಾಯ್ ಅಲ್ಲಾ. ಮತ್ತ ಈ ಶಾದಿ ಹೆಂಗ್ರೀ? ಹಮಾರೆ ಮೇ ತೋ ದೂಧ್ ಪಿಲಾಯಾ ಬೋಲೆ ತೋ ಅಮ್ಮಾಚ್ ಹೈ. ಹಾಲು ಕುಡಿಸಿದಾಕಿ ತಾಯಿನೇ, ಆಕಿ ಮಕ್ಕಳು ಭಾಯಿ-ಬೆಹನ್. ನಿಕಾಹ ಆಗೂದೇ ಇಲ್ಲ."

ಹೆಂಡತಿ ಬಿರುಸಾಗಿ, "ಅದು ನಿಮ್ಮದ್ರಾಗ ಆಪಾ. ನಮ್ಮದ್ರಾಗ ಹಂಗೇನಿಲ್ಲ," ಎಂದಳು.

ನಾನು ಹಾಸಿಗೆಯಲ್ಲಿ ಎದ್ದು ಕುಳಿತೆ. ಕೌಂಟನ ಪುಸ್ತಕದಲ್ಲಿ ಓದಿ ಬಿಟ್ಟಿದ್ದ ಒಂದು ಸಾಲು ನೆನಪಾಗಿತ್ತು. ಅವರಲ್ಲಿ ರಕ್ತದ ನಂಟು ಮಾತ್ರವಲ್ಲ, ಮಗುವಿಗೆ ದೀಕ್ಷೆಯ ನೀರು ಹಾಕುವಾಗ ಅದನ್ನು ಎತ್ತಿ ಹಿಡಿದವರೂ ಬಂಧುಗಳೇ. ಆ ನಂಟಿನವರ ನಡುವೆಯೂ ಮದುವೆ ಸಲ್ಲದು. ನೀರಿನಿಂದ ಎತ್ತಿದರೇ ಅಷ್ಟು ನಂಟಾದರೆ ಹಾಲು ಕುಡಿಸಿದರೆ? ನನ್ನ ಇಲ್ಲದ ಜ್ವರ ಇಳಿಯಿತು. ಮರುಗಳಿಗೆಯೇ ನಿಜವಾದ ನಡುಕ ಹತ್ತಿತು. ಈ ಮಾತನ್ನು ಅಕ್ಕನ ಮುಂದೆ ಆಡಬೇಕಾದವನು ನಾನು.

ಶುಕ್ರವಾರ ಹೆಂಡತಿಯ ಮೇಲೆ ಪ್ರಯೋಗ ಮಾಡಿ ನೋಡಿದೆ. ಅಕ್ಕ ಸ್ನಾನಕ್ಕೆ ಹೋಗಿದ್ದಳು.

"ಅಲ್ಲಾ, ನಿನ್ನೆ ಆಪಾ ಹೇಳಿದ್ದರಾಗ ಏನಾರ ಅರ್ಥ ಐತೇನೋ ಅಂತ..."

"ಮಲಗಿದಾವ್ರಿಗೆ ಕಿವಿ ಮಾತ್ರ ಎದ್ದಿರ್ತಾವಲ್ಲ," ಎಂದಳು. "ರೀ, ಒಂದ ಕೇಳ್ತೀನಿ. ನಿಮ್ಮ ಮಗಳು ಒಲ್ಲೆ ಅಂದಾಳ. ನನಗೂ ಗೊತ್ತೈತಿ, ನಾ ಕುರುಡಿಯಲ್ಲ. ಮಾವನ್ನ ಮಾಡಿಕೊಳ್ಳೂದು ಅಂದ್ರ ನಗು ಬರ್ತದಂತ ಅಕಿಗೆ. ನಾ ಏನ ಮಾಡೀನಿ ಹಂಗಾದ್ರ? ನನಗ ನಗು ಬರಲಿಲ್ಲೇನು?"

ಇಪ್ಪತ್ತೊಂದು ವರ್ಷ ಒಂದೇ ಸೂರಿನ ಕೆಳಗಿದ್ದರೂ ಈ ಪ್ರಶ್ನೆಯನ್ನು ಅವಳು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

"ಬಂತೇನು?" ಎಂದೆ.

"ನನ್ನ ಯಾರ ಕೇಳಿದ್ರು?" ಎಂದಳು. ಅಷ್ಟರಲ್ಲಿ ಮೋರಿಯ ಚಿಲಕ ಸದ್ದಾಯಿತು. ಅವಳು ರೊಟ್ಟಿ ಬಡಿಯತೊಡಗಿದಳು. ಆ ದಿನ ಆ ಸದ್ದು ಎಂದಿಗಿಂತ ಜೋರಾಗಿತ್ತು.

ರವಿವಾರ ಹತ್ತು ಗಂಟೆಗೇ ಹುಡುಗ ಬಂದ. ಹೊಸ ಟೆರಿಕಾಟ್ ಪ್ಯಾಂಟು, ಕೂದಲಿಗೆ ಎಣ್ಣೆ. ಬಂದವನೇ ಅಭ್ಯಾಸದಂತೆ ಕಿಟಕಿಯ ಕೊಂಡಿ ಎಳೆದು ನೋಡಿದ. "ಇವತ್ತೇನೂ ರಿಪೇರಿ ಮಾಡಬ್ಯಾಡ, ಸುಮ್ಮನ ಕುಂದರು," ಎಂದಳು ಅಕ್ಕ. ಮಗಳು ಒಳಗಿನ ಖೋಲಿಯ ಬಾಗಿಲಿಗೆ ಒರಗಿ ನಿಂತಿದ್ದಳು. ಮನೆಯಲ್ಲಿ ಉಡುವ ಹಳೆಯ ಸೀರೆಯನ್ನು ಬೇಕೆಂದೇ ಉಟ್ಟಿದ್ದಳು. ಹೆಂಡತಿ ಅಡಿಗೆಮನೆಯ ಹೊಸಲಿನ ಮೇಲೆ. ಅಕ್ಕ ತಟ್ಟೆ ತಂದಳು. ಎಲೆಗಳು ಒದ್ದೆಯಾಗಿ ಹೊಳೆಯುತ್ತಿದ್ದವು, ನಡುವೆ ಅಡಿಕೆ, ಒಂದು ಚಿಟಿಕೆ ಕುಂಕುಮ. ನನ್ನ ಮುಂದೆ ಚಾಪೆಯ ಮೇಲೆ ಕುಳಿತು ತಟ್ಟೆಯನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು.

"ತಗೋ ತಮ್ಮಾ."

ಮಗಳು ನನ್ನನ್ನೇ ನೋಡುತ್ತಿದ್ದಳು. ನನ್ನ ಬಲಗೈ ತೊಡೆಯಿಂದ ಎದ್ದಿತು. ಹೂಂ ಎನ್ನುವ ನಾಲಿಗೆಯಂತೆಯೇ ಈ ಕೈಯೂ. ಅದನ್ನು ಎಡಗೈಯಿಂದ ಹಿಡಿದುಕೊಂಡೆ.

"ಅಕ್ಕಾ, ಆ ಕೌಂಟನ ಕತಿ ಪೂರಾ ಹೇಳಿರಲಿಲ್ಲ ನೋಡು," ಎಂದೆ.

ಹೆಂಡತಿ ಹಣೆ ಹಿಡಿದುಕೊಂಡಳು. ಹುಡುಗ ನನ್ನ ಮುಖ ನೋಡಿದ. ಅಕ್ಕ ಮಾತ್ರ ತಟ್ಟೆ ಹಿಡಿದುಕೊಂಡೇ, "ಈಗೇನು ಅದು?" ಎಂದಳು.

ನಾನು ಶುರುಮಾಡಿದೆ. ನಿಲ್ಲಿಸಿದರೆ ತಟ್ಟೆ ಇದೆ ಎಂಬ ಹೆದರಿಕೆಗೆ ನಿಲ್ಲಿಸದೆ ಹೇಳಿದೆ. ಬಡಗಣ ನೆರೆಯವನ ತಂಗಿಯನ್ನು ಬಿಟ್ಟ ಮೇಲೆ ಕೌಂಟ ತೆಂಕಣದವನ ಮಗಳನ್ನು ತಂದ, ಅವಳ ಜೊತೆಗೆ ಎರಡು ಕೋಟೆ ಬಂದವು, ಯುದ್ಧ ನಿಂತಿತು, ಬಡಗಣದವನು ಮಾತ್ರ ಸಿಟ್ಟಾಗಲಿಲ್ಲ, ಯಾಕೆಂದರೆ ತಂಗಿಯಲ್ಲಿ ದೋಷವಿದೆ ಎಂದು ಯಾರೂ ಹೇಳಿರಲಿಲ್ಲ, ಮುತ್ತಜ್ಜನ ನಂಟು ಅಡ್ಡ ಬಂತು ಎಂದಷ್ಟೇ ಹೇಳಿದ್ದು. ಅವರಲ್ಲಿ ನಂಟು ಅಂದರೆ ಬರೀ ರಕ್ತದ್ದಲ್ಲ, ಕೂಸನ್ನು ನೀರಿನಿಂದ ಎತ್ತಿ ಹಿಡಿದವರೂ ನಂಟರೇ, ಅಲ್ಲೂ ಲಗ್ನ ಸಲ್ಲದು, ಬರೀ ಎತ್ತಿದ್ದಕ್ಕೇ ಅಷ್ಟು ಅಂದಮೇಲೆ...

ಅಕ್ಕನ ಕೈ ಸೋತು ತಟ್ಟೆ ಮೆಲ್ಲಗೆ ಚಾಪೆಗೆ ಇಳಿದಿತ್ತು.

"ಹೇಳು," ಎಂದಳು. "ಎತ್ತಿದ್ದಕ್ಕ ಅಷ್ಟು ಅಂದಮ್ಯಾಲ?"

ನಾನು ತಟ್ಟೆಯಲ್ಲಿನ ಎಲೆಗಳನ್ನು ಎಣಿಸತೊಡಗಿದೆ.

"ಹಾಲು ಕುಡಿಸಿದಾಕಿದು ಎಷ್ಟು, ಅಂತ ಕೇಳಾಂವ ಇದ್ದಿ. ಹೌದಿಲ್ಲೋ?" ಅವಳ ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಅಭ್ಯಾಸವಿತ್ತು. "ಡಾಕ್ಟರ ಕೂಸು ಉಳಿಯೂದಿಲ್ಲ ಅಂದಿದ್ದ. ಇವನ್ನ ತಗದು ಕೆಳಗ ಹಾಕಿ ಇಕಿನ್ನ ಹಾಕ್ಕೊಂಡೆ. ಇಂವ ಅಳಕೋತ ಮಲಗಿದ. ನೀ ಆವಾಗ ಬಾಗಲದಾಗ ನಿಂತು ಅಳತಿದ್ದಿ. ಈಗ ಆ ಹಾಲ ತಗದು ನನ್ನ ಮಗನ ಮುಂದ ಅಡ್ಡ ಇಟ್ಟೇನು?"

"ಅಕ್ಕಾ, ಹಂಗಲ್ಲ..."

"ಹಂಗ ಐತಿ."

ಕೆಳಗೆ ಯಾರದೋ ರೇಡಿಯೋ ಮರಾಠಿಯಲ್ಲಿ ಏನೋ ಹಾಡುತ್ತಿತ್ತು. ಅಕ್ಕ ಈಗ ಎದ್ದು ಹೋಗುತ್ತಾಳೆ, ಇನ್ನೆಂದೂ ಈ ಹೊಸಲು ತುಳಿಯುವುದಿಲ್ಲ, ಹೆಂಡತಿ ಇನ್ನೆಂದೂ ಮಾತನಾಡುವುದಿಲ್ಲ, ಮಗಳು ಉದ್ಧಟಳು ಎನ್ನಿಸಿಕೊಂಡು ಎಲ್ಲೂ ಸಂಬಂಧ ಸಿಗದೆ ಉಳಿಯುತ್ತಾಳೆ ಎಂದು ನಾನು ಒಂದೇ ಉಸಿರಿನಲ್ಲಿ ಇಪ್ಪತ್ತು ವರ್ಷಗಳ ಚಿಂತೆ ಮಾಡಿ ಮುಗಿಸಿದೆ.

ಆಗ ಹೊಸಲಿನ ಮೇಲಿದ್ದ ಹೆಂಡತಿ, "ಅವ್ವಾ, ಆ ಕೌಂಟನ ಮಾತು ಬಿಡು. ಹುಡುಗೀನ್ನ ಕೇಳು," ಎಂದಳು.

ಅಕ್ಕ ತಿರುಗಿ ಮಗಳನ್ನು, ಅಂದರೆ ನನ್ನ ಹೆಂಡತಿಯನ್ನು, ಬಹಳ ಹೊತ್ತು ನೋಡಿದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿದಳು.

"ನೀ ಹೇಳವ್ವಾ. ಹಾಲು ಗೀಲು ಬ್ಯಾಡ. ನಿನ್ನ ಮನಸಿನಾಗ ಏನೈತಿ?"

ಮಗಳ ಬಾಯಲ್ಲಿ ಬಕೆಟ್ಟಿನ ಹತ್ತಿರ ಬಂದಷ್ಟು ಮಾತು ಬರಲಿಲ್ಲ. ಅವನ ಕಡೆ ಒಮ್ಮೆ ನೋಡಿ ತಲೆ ಬಗ್ಗಿಸಿದಳು. "ಮಾಮಾ ಛಲೋ ಮನಷ್ಯಾ, ಆಯಿ. ಖರೇನ ಛಲೋ. ಆದ್ರ ನನಗ ಗಂಡ ಅನಸೂದಿಲ್ಲ. ಜುಲುಮಿ ಮಾಡಿದ್ರ ಮಾಡ್ಕೋತೀನಿ. ಆದ್ರ ಅನಸೂದಿಲ್ಲ."

ಹುಡುಗ ತನ್ನ ಅಂಗೈ ನೋಡಿಕೊಳ್ಳುತ್ತ ಕುಳಿತಿದ್ದ.

ಅಕ್ಕ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅವಳು ಒಂದು ಎಲೆ ಎತ್ತಿ, ಸೆರಗಿಗೆ ಒರೆಸಿ, ಸೊಂಟದ ಚಂಚಿಯಿಂದ ಸುಣ್ಣ ತೆಗೆದು ಸವರಿ, ಅಡಿಕೆ ಹಾಕಿ ಮಡಚಿ, ತಾನೇ ಬಾಯಿಗೆ ಹಾಕಿಕೊಂಡಳು. ಬೀಗರ ಕೈಗೆ ಹೋಗಬೇಕಾದ ಎಲೆಯನ್ನು ತಂದವರೇ ತಿಂದರೆ ಅದರ ಅರ್ಥ ಏನು ಎಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಹಾಗೆ ಯಾರೂ ಮಾಡಿರಲಿಲ್ಲ. ಅವಳು ಜಗಿಯುವುದನ್ನೇ ನಾವೆಲ್ಲ ನೋಡುತ್ತ ಕುಳಿತೆವು.

"ಊರಾಗ ನಾ ಏನ ಹೇಳಬೇಕು?" ಎಂದಳು ಕೊನೆಗೆ. "ಹುಡುಗಿ ಒಲ್ಲೆ ಅಂದಳು ಅಂದ್ರ ನನ್ನ ಮಗಗ ಯಾರ ಹೆಣ್ಣ ಕೊಡ್ತಾರ? ಅಕ್ಕನ ಮಗಳ ಒಲ್ಲೆ ಅಂದಾಳ, ಏನ ಐಬ ಐತೋ ಅಂತಾರ." ಮತ್ತೆ ಸ್ವಲ್ಪ ಜಗಿದಳು. "ಹಾಲಿನ ಮಾತು ಹೇಳತೀನಿ. ಎರಡಕ್ಕೂ ನಾನ ಹಾಲು ಕುಡಿಸೀನಿ, ಮನಸ ಒಪ್ಪಲಿಲ್ಲ, ನಾನ ಬ್ಯಾಡ ಅಂದೆ, ಅಂತ. ನೀವೂ ಹಂಗ ಹೇಳಬೇಕು. ನೀ ಬಾಯಿ ಬಿಡಬ್ಯಾಡ, ನಿನಗ ಹೇಳಾಕ ಬರೂದಿಲ್ಲ."

ಕೊನೆಯದು ನನಗೆ. ಹೂಂ ಎಂದೆ.

"ಅಂದ್ರ ಇನ್ನ ಅಂವ ಇಕಿಗೆ ಅಣ್ಣ. ಅಣ್ಣ ಅಂದಮ್ಯಾಲ ಇಕಿಗೆ ಗಂಡ ಹುಡುಕೂ ಕೆಲಸ ಅವನದು. ಈ ಕೌಂಟನ ಕಡಿಂದ ಆಗೂದಲ್ಲ ಅದು," ಎಂದು ನನ್ನತ್ತ ಗದ್ದ ತೋರಿಸಿದಳು. "ಏನಂತೀಯೋ?"

ಹುಡುಗ ಕಣ್ಣೆತ್ತಿದ. "ಎರಡ ವರ್ಷ ಯಾರೂ ಇಕಿ ಲಗ್ನದ ಮಾತ ಎತ್ತಬ್ಯಾಡ್ರಿ. ನೌಕರಿ ಮಾಡಲಿ," ಎಂದ. ಹೇಳಿದವನೇ ಎದ್ದ. ಸೈಟಿನ ಮೇಲೆ ಕೆಲಸ ಇದೆ ಎಂದ. ರವಿವಾರ ಯಾವ ಸೈಟು ಎಂದು ಯಾರೂ ಕೇಳಲಿಲ್ಲ. ಅವನಿಗೆಂದು ಮಾಡಿದ್ದ ಹೋಳಿಗೆಯನ್ನು ಹೆಂಡತಿ ಡಬ್ಬಿಗೆ ಹಾಕುವಷ್ಟರಲ್ಲಿ ಮೆಟ್ಟಿಲು ಇಳಿದುಬಿಟ್ಟಿದ್ದ.

ಮಗಳು ಒಳಗೆ ಹೋಗಿ ಅತ್ತಳು. ಬೇಡದ್ದು ತಪ್ಪಿದ ಮೇಲೆ ಅಳು ಯಾಕೆ ಎಂದು ನನಗೆ ತಿಳಿಯಲಿಲ್ಲ. ಅಕ್ಕ ಅವಳ ಪಕ್ಕದಲ್ಲಿ ಹೋಗಿ ಕುಳಿತಳು. ಹೆಂಡತಿ ಡಬ್ಬಿ ಹಿಡಿದು ನಿಂತಿದ್ದಳು. ನನ್ನ ಕೈಗೆ ಕೊಟ್ಟು, "ಹೋಗ್ರಿ," ಎಂದಳು. ಶುಕ್ರವಾರದ ಆ ಪ್ರಶ್ನೆಯಾದ ಮೇಲೆ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದೇ.

ಕೆಳಗೆ ಬಸ್ ಸ್ಟಾಪಿನಲ್ಲಿ ಅವನೊಬ್ಬನೇ ನಿಂತಿದ್ದ. ಸಯನ್ ಕಡೆಗೆ ಹೋಗುವ ಒಂದು ಬಸ್ಸು ಬಂತು. ಹತ್ತಲಿಲ್ಲ. ನಾನು ಪಕ್ಕದಲ್ಲಿ ಹೋಗಿ ನಿಂತು ಡಬ್ಬಿ ಕೊಟ್ಟೆ. ತೆಗೆದುಕೊಂಡ. ಏನು ಹೇಳಬೇಕು ಎಂದು ನಾನು ಮೂರು ವಾಕ್ಯ ಕಟ್ಟಿದೆ, ಮೂರನ್ನೂ ಬಿಟ್ಟೆ. ಇನ್ನೊಂದು ಬಸ್ಸು ಬಂತು. ಅದನ್ನೂ ಬಿಟ್ಟ.

"ಮಾಮಾ," ಎಂದ ರಸ್ತೆಯನ್ನೇ ನೋಡುತ್ತ. "ಆ ಕೌಂಟ ಬಿಟ್ಟನಲ್ಲ, ಆ ಮೊದಲನೇ ಹೆಂಡತಿ. ಆಕಿ ಆಮ್ಯಾಲ ಏನಾದಳು?"

"ಮಠ ಸೇರಿದಳು ಅಂತ ಬರದಾರ. ಅಲ್ಲೇ ತೀರಿಕೊಂಡಳಂತ."

ಅವನು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಆಮೇಲೆ ನನ್ನ ಮುಖ ನೋಡಿದ. ಅಲ್ಲಿ ಏನು ಕಂಡನೋ, ಅವನ ಬಾಯಿಯ ಒಂದು ಮೂಲೆ ಸ್ವಲ್ಪ ಮೇಲೆದ್ದಿತು.

"ನಾ ಏನ ಮಠ ಸೇರಾಂವಲ್ಲ, ಮಾಮಾ. ನೀವು ಚಿಂತಿ ಮಾಡಬ್ಯಾಡ್ರಿ."

ಮೂರನೆಯ ಬಸ್ಸು ನಿಲ್ಲುವ ಮುಂಚೆಯೇ ಹಾರಿ ಹತ್ತಿದ. ಚಲಿಸುವ ಬಸ್ಸು ಹಾಗೆ ಹತ್ತಬಾರದು, ಕಾಲು ಜಾರಿದರೆ ಏನು ಗತಿ ಎಂದು ಕೂಗಬೇಕೆಂದುಕೊಂಡೆ. ಅವನು ಫುಟ್‌ಬೋರ್ಡಿನ ಮೇಲೆ ಕಂಬಿ ಹಿಡಿದು, ಡಬ್ಬಿಯನ್ನು ಎದೆಗೆ ಅವಚಿಕೊಂಡು, ತಿರುವಿನವರೆಗೂ ಕಾಣುತ್ತಿದ್ದ. ಒಳಗೆ ಜಾಗ ಖಾಲಿಯೇ ಇತ್ತು.